ಗುಲಾಬಿ ಟಬ್ಬಿನಲ್ಲಿ ನಿಂತ ನೀರು

ಶಿರ್ವದಿಂದ ಬಂದ ಸಂಜೆ ಬಸ್ಸಿನ ಕಂಡಕ್ಟರು ಕಾಪುವಿನ ನನ್ನ ಮನೆಯೆದುರು ಬಸ್ಸನ್ನು ನಿಧಾನ ಮಾಡಿಸಿ, ಬಾಗಿಲಲ್ಲಿ ಜೋತುಕೊಂಡೇ ಹೇಳಿದ, "ಮೇಸ್ತ್ರಿ, ಶಿರ್ವದ ಬಾಯಮ್ಮ ಹೇಳಿ ಕಳಿಸಿದ್ದಾರೆ. ಟಬ್ಬಿನಲ್ಲಿ ನೀರು ನಿಂತಿದೆಯಂತೆ. ನಾಳೆ ಫಸ್ಟ್ ಬಸ್ಸಿಗೆ ಬರ್ಬೇಕಂತೆ."

ಬಸ್ಸಿನಲ್ಲಿದ್ದವರೆಲ್ಲ ಕಿಟಕಿಯಿಂದ ನನ್ನನ್ನು ನೋಡಿದರು. ಆ ಕಾಲದಲ್ಲಿ ನಮ್ಮ ಕಡೆ ಕಂಡಕ್ಟರೇ ಟಪಾಲು, ಕಂಡಕ್ಟರೇ ತಂತಿ. ಒಬ್ಬರಿಗೆ ಹೇಳಬೇಕಾದ ಸುದ್ದಿಯನ್ನು ಐವತ್ತು ಜನರಿಗೆ ಹಂಚಿಯೇ ತಲುಪಿಸುವುದು ಅವನ ಕ್ರಮ. ಇದನ್ನು ಮೊದಲೇ ಹೇಳಿಡುತ್ತೇನೆ, ಯಾಕೆಂದರೆ ಮುಂದೆ ಇದರಿಂದಲೇ ಒಬ್ಬರಿಗೆ ಉಪದ್ರವೂ ಆಯಿತು, ಉಪಕಾರವೂ ಆಯಿತು.

ಎಂಬತ್ತರ ದಶಕದ ಮೊದಲ ವರ್ಷಗಳು. ಶಿರ್ವದಲ್ಲಿ ಗಲ್ಫಿನ ಹಣದ ಮನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ನಮ್ಮಂಥ ಪೈಪಿನ ಕೆಲಸದವರಿಗೆ ಅದೇ ಸುಗ್ಗಿ. ನಮ್ಮ ಕಡೆ ಕ್ರಿಶ್ಚಿಯನ್ ಮನೆಯ ಯಜಮಾನಿಯನ್ನು ಬಾಯಮ್ಮ ಎನ್ನುತ್ತೇವೆ. ಈ ಬಾಯಮ್ಮನ ಹೊಸ ಮನೆಯ ಪೈಪು, ನಲ್ಲಿ ಎಲ್ಲವನ್ನೂ ಕೂಡಿಸಿದವನು ನಾನು. ಟಬ್ಬನ್ನು ಕಳಿಸಿದ್ದು ಗಲ್ಫಿನಲ್ಲಿದ್ದ ಅವರ ಮಗ. ಗುಲಾಬಿ ಬಣ್ಣದ ಬೀಡಿನ, ಅಂದರೆ ಎರಕದ ಕಬ್ಬಿಣದ ಟಬ್ಬು, ನಾಲ್ಕು ಜನ ಹೊತ್ತರೂ ಏದುಸಿರು ಬರುವಷ್ಟು ಭಾರ. ಜೊತೆಗೆ ಅದೇ ಬಣ್ಣದ ಟೈಲ್ಸು. ಹಡಗಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಲಾರಿಯಲ್ಲಿ ಬೈಹುಲ್ಲಿನ ಮೇಲೆ ಮಲಗಿಕೊಂಡು ಶಿರ್ವ ಸೇರಿತ್ತು. ನಾನು ಟಬ್ಬೆಂಬುದನ್ನು ಅದಕ್ಕೆ ಮೊದಲು ಮಣಿಪಾಲದ ಒಂದು ಬಂಗಲೆಯಲ್ಲಿ ನೋಡಿದ್ದೆ, ಅಷ್ಟೇ.

ಕೂಡಿಸಿ ಎರಡು ವರ್ಷವಾದರೂ ಅದರಲ್ಲಿ ಮಿಂದವರು ಕಡಿಮೆ. ನೆಂಟರು ಬಂದರೆ ಬಾಗಿಲು ತೆರೆದು ತೋರಿಸುತ್ತಿದ್ದರು. ಮೇ ತಿಂಗಳಲ್ಲಿ ಬಾವಿ ತಳ ಕಂಡಾಗ ಬೂಚು ಹಾಕಿ ನೀರು ತುಂಬಿಸಿಟ್ಟು ಚೆಂಬಿನಲ್ಲಿ ತೋಡಿ ಖರ್ಚು ಮಾಡುತ್ತಿದ್ದರು. ಮಗ ರಜೆಯಲ್ಲಿ ಬಂದಾಗ ನಾಲ್ಕು ದಿನ ಮಿಂದು, ನೀರು ಸ್ವಲ್ಪ ನಿಧಾನವಾಗಿ ಹೋಗುತ್ತದೆ ಎಂದಿದ್ದನಂತೆ. ಫಾರಿನ್ನಿನ ವಸ್ತು, ಅದರ ಕ್ರಮವೇ ಹಾಗಿರಬಹುದು ಎಂದು ಮನೆಯವರು ಸುಮ್ಮನಾದರು.

ಮರುದಿನ ಬುಧವಾರ. ಸೆಪ್ಟೆಂಬರ್ ತಿಂಗಳು, ಮಳೆ ಪೂರ್ತಿ ಬಿಟ್ಟಿರಲಿಲ್ಲ. ನಾನು ಹೋಗಿ ನೋಡಿದಾಗ ಟಬ್ಬಿನಲ್ಲಿ ಅರ್ಧ ಮೊಳ ನೀರು. ಮೇಲೆ ಎಣ್ಣೆಯ ಪೊರೆ, ಅಡಿಯಲ್ಲಿ ಹಳದಿ ಗಸಿ. ಇಡೀ ಬಚ್ಚಲುಮನೆ ನೆಕ್ಕಿ ಸೊಪ್ಪು ಬೇಯಿಸಿದ ವಾಸನೆ ಹೊಡೆಯುತ್ತಿತ್ತು. ಆ ವಾಸನೆ ಬಂದರೆ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದೇ ಅರ್ಥ.

"ಮಗಳದ್ದು ಮೊದಲನೆಯ ಬಾಣಂತನ," ಎಂದರು ಬಾಯಮ್ಮ. "ಮಣಿಪಾಲದಲ್ಲಿ ಹೊಟ್ಟೆ ಕೊಯ್ದು ಮಗು ತೆಗೆದದ್ದು. ಹೊಲಿಗೆ ಬಿಚ್ಚಿದ ಮೇಲೆ ಮೀಯಿಸ್ಲಿಕ್ಕೆ ಶುರು ಮಾಡಿದ್ದು. ಹೊರಗಿನ ಹಳೆ ಬಚ್ಚಲಲ್ಲಿ ಮಣೆ ಮೇಲೆ ಕೂತ್ಕೊಳ್ಳಿಕ್ಕೆ ಅವಳಿಗೆ ಆಗುವುದಿಲ್ಲ. ಟಬ್ಬಿನಲ್ಲಿ ಕಾಲು ನೀಡಿ ಕೂರಿಸುವ ಅಂತ ಇವಳೇ ಹೇಳಿದ್ದು. ಹನ್ನೊಂದು ದಿನ ಆಯ್ತು. ಈಗ ನೋಡಿ."

ಇವಳು ಎಂದದ್ದು ಬಾಗಿಲ ಬಳಿ ನಿಂತಿದ್ದ ಮೀಯಿಸುವ ಹೆಂಗಸನ್ನು. ಹೆಜಮಾಡಿಯ ಕಡಲ ದಂಡೆಯವಳು, ಅರುವತ್ತರ ಹತ್ತಿರದ ಪ್ರಾಯ, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು. ಬಾಣಂತಿ ಇರುವ ಮನೆಯಲ್ಲಿ ನಲವತ್ತು ದಿನ ಉಳಿದು ತಾಯಿಗೂ ಮಗುವಿಗೂ ಎಣ್ಣೆ ಹಚ್ಚಿ ಮೀಯಿಸುವುದು ಅವಳ ಉದ್ಯೋಗ. ಮೊಣಕೈವರೆಗೆ ಸೆರಗು ಸುತ್ತಿಕೊಂಡ ಗಟ್ಟಿ ಕೈಗಳು. ನನ್ನ ಚೀಲವನ್ನೇ ನೋಡುತ್ತಿದ್ದಳು.

ನಾನು ಮೊದಲು ನೀರನ್ನು ಬಕೆಟ್ಟಿಗೆ ತೋಡಿದೆ. ತೂತಿನ ಮೇಲಿನ ಜಾಲರಿ ಬಿಚ್ಚಿ ತಂತಿಯ ಕೊಕ್ಕೆ ಇಳಿಸಿದೆ. ಒಂದಷ್ಟು ಕೂದಲು ಬಂತು, ಎಣ್ಣೆ ಹಿಟ್ಟು ಸೇರಿದ ಬೆಣ್ಣೆಯಂಥ ಮುದ್ದೆ ಬಂತು, ಅದರ ಜೊತೆ ನಾಲ್ಕೈದು ತೆಂಗಿನ ನಾರಿನ ಎಳೆ. ಆಮೇಲೆ ಕೋಲಿಗೆ ಸಿಕ್ಕಿಸಿದ ರಬ್ಬರಿನ ಬಟ್ಟಲನ್ನು ತೂತಿನ ಮೇಲೆ ಕೂರಿಸಿ ಒತ್ತಿದೆ. ಒತ್ತಿದಷ್ಟೂ ಗಾಳಿ ಬುಸ್ಸೆಂದು ಬೇರೆಲ್ಲಿಂದಲೋ ಹೋಗುತ್ತಿತ್ತು. ಹತ್ತು ಸಲ ಒತ್ತಿ ಬೆವರು ಸುರಿದ ಮೇಲೆ ತಲೆಗೆ ಹೋಯಿತು, ಈ ಟಬ್ಬಿಗೆ ಮೇಲಂಚಿನ ಕೆಳಗೆ ಇನ್ನೊಂದು ತೂತು ಉಂಟು. ನೀರು ತುಂಬಿ ಚೆಲ್ಲದಿರಲಿ ಎಂದು ಮಾಡಿದ್ದು. ಅದನ್ನು ಮುಚ್ಚದೆ ಒತ್ತಿದರೆ ತೂತು ಕೊಡದಲ್ಲಿ ನೀರು ಹೊತ್ತ ಹಾಗೆ. ಒದ್ದೆ ಬಟ್ಟೆಯನ್ನು ಅದಕ್ಕೆ ತುರುಕಿ ಮತ್ತೆ ಒತ್ತಿದಾಗ ಒಳಗೆ ಗುಳುಗುಳು ಸದ್ದಾಗಿ ನೀರು ಇಳಿಯತೊಡಗಿತು.

ಕೈ ತೊಳೆಯುತ್ತಾ ನಾನು ಒಂದು ಮಾತು ಹೇಳಿದೆ. ಆ ಮಾತನ್ನು ಎಷ್ಟು ಹಗುರಾಗಿ ಹೇಳಿದೆನೆಂದರೆ ಈಗ ನೆನೆದರೂ ನಾಚಿಕೆಯಾಗುತ್ತದೆ. "ಸೊಪ್ಪು, ಎಣ್ಣೆ, ಹಿಟ್ಟು, ನಾರು ಎಲ್ಲ ಹಾಕಿ ಮೀಯಿಸಿದರೆ ಪೈಪು ಪಾಪ ಎಂತ ಮಾಡ್ತದೆ ಬಾಯಮ್ಮ. ಇದು ಫಾರಿನ್ ಟಬ್ಬು, ಹಂಡೆ ಬಚ್ಚಲಲ್ಲ ಅಲ್ವಾ."

ಬಾಯಮ್ಮ ತಿರುಗಿ ಆ ಹೆಂಗಸನ್ನು ನೋಡಿದರು. ಅವಳು ಒಂದೇ ಮಾತು ಹೇಳಿದಳು, "ನನ್ನ ಸೊಪ್ಪು ಪೈಪಿಗೆ ಹೋಗ್ಲಿಲ್ಲ ಬಾಯಮ್ಮ."

ಊರಿಗೆ ಮರಳುವಾಗ ಬಸ್ಸಿನಲ್ಲಿ ಕಂಡಕ್ಟರು ಕೇಳಿದ, "ಎಂತ ಇತ್ತು ಮೇಸ್ತ್ರಿ ಟಬ್ಬಿನಲ್ಲಿ?" ನಾನು ನಗಾಡುತ್ತಾ, "ಬಾಣಂತಿ ಸೊಪ್ಪು ಮಾರಾಯ. ಮೀಯಿಸುವ ಹೆಂಗಸು ಅರ್ಧ ಗುಡ್ಡೆ ಬೇಯಿಸಿ ತುಂಬಿಸಿದ್ದಾಳೆ," ಎಂದೆ. ಹಿಂದಿನ ಸೀಟಿನಲ್ಲಿ ಮೀನು ಮಾರಿ ಮುಗಿಸಿ ಖಾಲಿ ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಇಬ್ಬರು ಹೆಂಗಸರೂ ನಕ್ಕರು.

ಗುರುವಾರ ಸಂಜೆ ಅದೇ ಕಂಡಕ್ಟರು ಮತ್ತೆ ಬಸ್ಸು ನಿಧಾನ ಮಾಡಿಸಿದ. ನೀರು ಮತ್ತೆ ನಿಂತಿತ್ತು.

ಶುಕ್ರವಾರ ಕಾಸ್ಟಿಕ್ ಸೋಡಾ ಕಟ್ಟಿಕೊಂಡು ಹೋದೆ. ಎಣ್ಣೆ ಹಿಟ್ಟು ಕಟ್ಟಿದ್ದರೆ ಸೋಡಾ ಕರಗಿಸುತ್ತದೆ ಎಂಬುದು ನನ್ನ ಲೆಕ್ಕ. ಬಾಯಮ್ಮ ಬಚ್ಚಲಿಗೆ ಬರಲೇ ಇಲ್ಲ, ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕುಳಿತಿದ್ದರು. ಅಲ್ಲಿಂದಲೇ ಹೇಳಿದರು, "ಆದಷ್ಟು ಮಾಡಿ ಮೇಸ್ತ್ರಿ. ನಾಡಿದ್ದು ಆದಿತ್ಯವಾರ ಬೆಳಿಗ್ಗೆ ನನ್ನ ತಮ್ಮ ಜೀಪು ತರ್ತಾನೆ. ಇವಳನ್ನು ಹೆಜಮಾಡಿಗೆ ಬಿಟ್ಟು ಬರ್ಲಿಕ್ಕೆ ಹೇಳಿದ್ದೇನೆ. ಬೇರೆಯವರನ್ನು ನೋಡಿ ಆಗಿದೆ."

ನಾನು ಬಚ್ಚಲಿಗೆ ಹೋದೆ. ಆ ಹೆಂಗಸು ಅಲ್ಲೇ ಮೂಲೆಯಲ್ಲಿ ಮಗುವಿನ ಬಟ್ಟೆ ಹಿಂಡುತ್ತಿದ್ದಳು. ಬಿಸಿನೀರು ಕೇಳಿದೆ, ತಂದುಕೊಟ್ಟಳು. ಸೋಡಾ ಹಾಕಿ ನೀರು ಸುರಿದಾಗ ಹೊಗೆ ಬಂತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕೇಳಿದಳು, "ಇದರ ಅಂಶ ಟಬ್ಬಿನಲ್ಲಿ ಉಳೀತದಾ ಮಗ? ಹೊಟ್ಟೆ ಹೊಲಿದ ಹೆಣ್ಣು, ಮೈಗೆ ತಾಗಿದರೆ ಉರಿ."

"ನಾಲ್ಕು ಸಲ ತೊಳೀತೇನೆ ಅಕ್ಕ," ಎಂದೆ.

"ನಾನು ಇರ್ಲಿಕ್ಕಿಲ್ಲ. ಬರುವವಳಿಗೆ ಹೇಳಿ ಹೋಗು." ಆಮೇಲೆ ಒಂದು ಬಟ್ಟೆಯ ಚೀಲ ತಂದು ನನ್ನ ಮುಂದೆ ಹಿಡಿದಳು. ತೆಳು ಹಳೆಯ ಪಂಚೆಯನ್ನು ಹೊಲಿದು ಮಾಡಿದ್ದು, ಒಳಗೆ ಬೆಂದ ನೆಕ್ಕಿ ಸೊಪ್ಪಿನ ಮುದ್ದೆ. "ಸೊಪ್ಪನ್ನು ಇದರಲ್ಲಿ ಕಟ್ಟಿಯೇ ಹಂಡೆಗೆ ಹಾಕುವುದು. ನನ್ನ ಅತ್ತೆ ಕಲಿಸಿದ್ದು. ಮೊನ್ನೆ ನಿನ್ನ ಕೊಕ್ಕೆಯಲ್ಲಿ ಒಂದು ಎಲೆಯಾದ್ರೂ ಬಂತಾ?"

ನಾನು ನೆನಪು ಮಾಡಿಕೊಂಡೆ. ಎಲೆ ಬಂದಿರಲಿಲ್ಲ. ಸೋಲೊಪ್ಪಲು ಮನಸ್ಸಾಗದೆ, "ನಾರು ಬಂತಲ್ಲ ಅಕ್ಕ. ಮೈ ಉಜ್ಜಿದ ನಾರು," ಎಂದೆ.

ಅವಳು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು. "ಬಾಣಂತಿ ಮೈಗೆ ತೆಂಗಿನ ನಾರು ಹಾಕ್ತಾರಾ? ಹಸಿ ಗಾಯ ಉಂಟು ಅವಳಿಗೆ. ನಾನು ಹೆಸರುಹಿಟ್ಟು ಹಾಕಿ ಹಳೆ ಸೀರೆ ತುಂಡಿನಲ್ಲಿ ಒರೆಸುವುದು. ಈ ಬಚ್ಚಲಲ್ಲಿ ನಾರು ಉಂಟಾ ಅಂತ ನೀನೇ ಹುಡುಕು."

ಹುಡುಕಿದೆ. ಇರಲಿಲ್ಲ. ಪಾತ್ರೆ ತೊಳೆಯುವ ನಾರು ಇದ್ದದ್ದು ಹಿಂದಿನ ಅಂಗಳದ ಕಲ್ಲಿನ ಬಳಿ. ಹಾಗಾದರೆ ಪೈಪಿನೊಳಗೆ ನಾರು ಎಲ್ಲಿಂದ ಬಂತು ಎಂಬುದು ನನಗೂ ತಿಳಿಯಲಿಲ್ಲ. ತಿಳಿಯದಿದ್ದಾಗ ಮೇಸ್ತ್ರಿಗಳು ಮಾಡುವ ಹಾಗೆ ಮುಖ ಗಂಟಿಕ್ಕಿಕೊಂಡು ಹೊರಗೆ ಹೋದೆ.

ಅವಳು ಹಿಂದೆಯೇ ಬಂದಳು. ದನಿ ತಗ್ಗಿಸಿ ಹೇಳಿದಳು, "ನಲವತ್ತು ತುಂಬುವ ಮೊದಲು ಮೀಯಿಸುವವಳನ್ನು ಮನೆಗೆ ಕಳಿಸಿದರೆ ಊರಿನವರು ಟಬ್ಬಿನ ಸಂಗತಿ ಕೇಳುವುದಿಲ್ಲ ಮಗ. ಮಗುವಿಗೆ ಎಂತ ಆಯ್ತು ಅಂತ ಕೇಳ್ತಾರೆ. ಕೈ ಜಾರಿತಾ, ನೀರು ಕಿವಿಗೆ ಹೋಯ್ತಾ ಅಂತ. ಆಮೇಲೆ ನನ್ನ ಕಾಲ ಮೇಲೆ ಯಾರೂ ಮಗು ಮಲಗಿಸ್ಲಿಕ್ಕಿಲ್ಲ. ನನಗೆ ಬೇರೆ ಕೆಲಸ ಬರುವುದಿಲ್ಲ."

ಇಷ್ಟನ್ನು ಹೇಳುವಾಗ ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಏನಾದರೂ ಸಮಾಧಾನ ಹೇಳಿ ತಪ್ಪಿಸಿಕೊಳ್ಳಲು ಆಗುತ್ತಿತ್ತು. ಬುಧವಾರ ಬಸ್ಸಿನಲ್ಲಿ ನಾನು ನಗಾಡಿದ್ದು ಆಗ ನೆನಪಾಯಿತು. ಬುಟ್ಟಿ ಇಟ್ಟುಕೊಂಡಿದ್ದ ಆ ಇಬ್ಬರೂ ಕಾಪುವಿನಲ್ಲಿ ಇಳಿದು ಹೆಜಮಾಡಿ ಬಸ್ಸು ಹತ್ತುವವರು.

ಸೋಡಾದಿಂದ ಏನೂ ಆಗಲಿಲ್ಲ. ಹೊರಗಿನಿಂದ ನೋಡುವ ಎಂದು ಗೋಡೆಯಾಚೆ ನೀರು ಬೀಳುವ ಗುಂಡಿಯ ಮುಚ್ಚಳ ಎತ್ತಿ, ಅಡಿಕೆ ಮರದ ಉದ್ದ ಸೀಳನ್ನು ನಯ ಮಾಡಿ ಪೈಪಿನೊಳಗೆ ಒಳಮುಖವಾಗಿ ತೂರಿಸಿದೆ. ಸರಾಗವಾಗಿ ಹೋಗಿ ಒಂದು ಕಡೆ ನಿಂತಿತು. ಗುರುತು ಹಾಕಿ ಎಳೆದು ಅಳೆದರೆ ನಾಲ್ಕೂವರೆ ಅಡಿ. ಗಾರೆ ಬಿದ್ದು ಗಟ್ಟಿಯಾಗಿದ್ದರೆ ಸೀಳು ಟಕ್ಕೆಂದು ತಾಗುತ್ತದೆ. ಹೊಲಸು ಕಟ್ಟಿದ್ದರೆ ಒತ್ತಿದಂತೆ ಒಳಗೆ ಹೋಗುತ್ತದೆ. ಇದು ಎರಡೂ ಅಲ್ಲ. ಒತ್ತಿದರೆ ಸ್ವಲ್ಪ ಕುಗ್ಗುತ್ತಿತ್ತು, ಬಿಟ್ಟರೆ ಸೀಳನ್ನು ಹಿಂದೆ ತಳ್ಳುತ್ತಿತ್ತು. ಸೀಳಿನ ತುದಿಯಲ್ಲಿ ಮತ್ತೆ ಎರಡು ಎಳೆ ನಾರು ಅಂಟಿಕೊಂಡು ಬಂತು.

ನಾಳೆ ಬರುತ್ತೇನೆ ಎಂದು ಹೇಳಿ ಬಸ್ಸು ಹತ್ತಿದೆ. ಶಂಕರಪುರದ ಏರು ಹತ್ತುವಾಗ ನನಗೆ ಎಲ್ಲ ನೆನಪಾಯಿತು. ಸೀಟಿನ ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ನಮ್ಮ ಕೆಲಸದಲ್ಲಿ ಒಂದು ಕ್ರಮ ಉಂಟು. ಪೈಪು ಹುಗಿದು, ಮೇಲಿನ ಕೆಲಸ ಮುಗಿಯುವ ತನಕ ಅದರ ತೆರೆದ ಬಾಯಿಗೆ ಏನಾದರೂ ತುರುಕುತ್ತೇವೆ. ಇಲ್ಲದಿದ್ದರೆ ಗಾರೆಯವರು ಬಳಿದ ಸಿಮೆಂಟು ಪೂರ್ತಿ ಒಳಗೆ. ಬೇರೆ ಊರಲ್ಲಿ ಗೋಣಿ ತುರುಕುತ್ತಾರೋ ಏನೋ. ನಮ್ಮಲ್ಲಿ ಕಾಲಿಗೆ ತಾಗುವಷ್ಟು ತೆಂಗಿನ ಸಿಪ್ಪೆ. ಒಂದು ಸಿಪ್ಪೆಯನ್ನು ಕತ್ತಿಯಲ್ಲಿ ಕೆತ್ತಿ ಪೈಪಿನ ಅಳತೆಗೆ ಬೆಣೆಯಂತೆ ಮಾಡಿ ಒಂದು ಗೇಣು ಒಳಗೆ ದೂಡುತ್ತೇವೆ. ದೂಡುವ ಮೊದಲು ಅದಕ್ಕೆ ಒಂದು ಹುರಿ ಕಟ್ಟಿ, ಹುರಿಯ ಬಾಲವನ್ನು ಹೊರಗೆ ಬಿಡುತ್ತೇವೆ. ಬಾಲ ಕಂಡರೆ ಸಿಪ್ಪೆ ಉಂಟು ಎಂದು ನೆನಪು, ಎಳೆಯಲಿಕ್ಕೂ ಸುಲಭ.

ಎರಡು ವರ್ಷದ ಹಿಂದೆ ಈ ಟಬ್ಬಿನ ಪೈಪು ಹುಗಿದ ದಿನ ನನ್ನ ಹುರಿಯನ್ನು ಗಾರೆಯವರು ಮಟ್ಟ ಹಿಡಿಯಲು ಕೊಂಡುಹೋಗಿದ್ದರು. ಒಂದು ತುಂಡಿಗಾಗಿ ಅವರ ಹತ್ತಿರ ಯಾಕೆ ಹೋಗುವುದು, ನೆನಪಿರುತ್ತದೆ ಬಿಡು ಎಂದುಕೊಂಡೆ. ಅದೇ ಮಧ್ಯಾಹ್ನ ಲಾರಿ ಬಂತು. ಮರುದಿನ ಪಾದ್ರಿಗಳು ಬಂದು ಮನೆ ಆಶೀರ್ವಾದ ಮಾಡುವವರು. ಅಷ್ಟರೊಳಗೆ ಟಬ್ಬು ಕೂರಲೇಬೇಕು ಎಂದು ಎಲ್ಲರ ಅವಸರ. ಟಬ್ಬಿನಡಿಯ ಬಾಗಿದ ಪೈಪನ್ನು ಆ ಬಾಯಿಗೆ ಕೂಡಿಸಿದೆ, ಒಂದು ಕೊಡ ನೀರು ಹೊಯ್ದು ನೋಡಿದೆ, ಹೋಯಿತು. ಹೋಗದೆ ಏನು, ಆಗ ಸಿಪ್ಪೆ ಒಣಗಿತ್ತು, ಸಂದು ಇತ್ತು. ಎರಡು ವರ್ಷದಲ್ಲಿ ಅದು ನೀರು ಕುಡಿದು ಉಬ್ಬಿತು. ಬಾಣಂತಿಯ ಎಣ್ಣೆ ಹಿಟ್ಟು ಬಂದು ಉಳಿದ ಸಂದನ್ನು ಮುಚ್ಚಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಎಳೆದವನೂ ನಾನೇ, ಜ್ವರ ತಂದವನೂ ನಾನೇ.

ಶುಕ್ರವಾರ ರಾತ್ರಿ ಇದನ್ನೇ ಯೋಚಿಸುತ್ತಾ ಕುಳಿತೆ. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಅದೇ ಕಷ್ಟ. ಹೊರಗಿನಿಂದ ಪೈಪು ಬಿಚ್ಚಿ ಸಿಪ್ಪೆಯನ್ನು ತೆಗೆದು ಗುಂಡಿಯ ಮಣ್ಣಿನಡಿ ಹಾಕಿ ಮುಚ್ಚಿದರೆ ಮುಗಿಯಿತು. ನೀರು ಹೋಗುತ್ತದೆ, ಬಾಯಮ್ಮ ನನ್ನನ್ನು ಹೊಗಳುತ್ತಾರೆ, ಪಕ್ಕದಲ್ಲಿ ಏಳುತ್ತಿದ್ದ ಅವರ ಸಂಬಂಧಿಕರ ಮನೆಯ ಪೈಪಿನ ಕೆಲಸವೂ ನನಗೇ. ಆ ಕೆಲಸವನ್ನು ಮಾತಾಡಿ ಆಗಿತ್ತು. ನಾನು ಮಾಡಬೇಕಾದದ್ದು ಬಾಯಿ ಮುಚ್ಚಿಕೊಂಡಿರುವುದು ಮಾತ್ರ. ಅವಳು ಆದಿತ್ಯವಾರ ಜೀಪು ಹತ್ತುತ್ತಾಳೆ. ಹೇಗೆ ತಿರುಗಿಸಿ ನೋಡಿದರೂ ಕೊನೆಗೆ ಆ ಜೀಪೇ ಕಣ್ಣ ಮುಂದೆ ಬರುತ್ತಿತ್ತು.

ಶನಿವಾರ ಬೆಳಿಗ್ಗೆ ಹಾರೆ, ಉಳಿ, ಸುತ್ತಿಗೆ, ಸೀಸ ಎಲ್ಲ ಹೊತ್ತುಕೊಂಡು ಹೋದೆ. ಹೇಳುತ್ತೇನೆಯೋ ಇಲ್ಲವೋ ಎಂದು ಆಗಲೂ ನನಗೆ ಗೊತ್ತಿರಲಿಲ್ಲ. ಮೊದಲು ಕೆಲಸ ಎಂದುಕೊಂಡೆ. ಒಳಗಿನಿಂದ ಹೋಗುವುದಾದರೆ ಗುಲಾಬಿ ಟೈಲ್ಸು ಒಡೆಯಬೇಕು. ಆ ಬಣ್ಣ ಉಡುಪಿಯಲ್ಲಿ ಬಿಡಿ, ಮಂಗಳೂರಿನಲ್ಲೂ ಸಿಕ್ಕುವುದಿಲ್ಲ. ಹೊರಗಿನಿಂದ ಹೋಗುವುದಾದರೆ ಗೋಡೆಯ ಬುಡದಲ್ಲಿ ಬಾಯಮ್ಮನ ಮಲ್ಲಿಗೆ ಗಿಡ. ಗಲ್ಫಿನ ಹಣ ಬರುವ ಮೊದಲು ಆ ಮನೆಯ ಮಕ್ಕಳು ಶಾಲೆ ಕಲಿತದ್ದು ಅಂಥ ಗಿಡಗಳ ಹೂವು ಮಾರಿದ ಹಣದಿಂದ.

"ಗಿಡದ ಬೇರು ಕಡಿಯುವುದಿಲ್ಲ ಬಾಯಮ್ಮ, ಕೈಯಲ್ಲೇ ಮಣ್ಣು ತೆಗೀತೇನೆ," ಎಂದೆ.

"ಮೊದಲೇ ಇಷ್ಟು ಆಗಿದೆ. ಅದೊಂದು ಯಾಕೆ ಉಳಿಯಬೇಕು," ಎಂದರು. ಆದರೂ ಹತ್ತಿರ ಬಂದು ಬೇರು ಹೋದ ದಿಕ್ಕನ್ನು ಕಾಲಿನಿಂದ ತೋರಿಸಿಕೊಟ್ಟರು.

ಎರಡೂವರೆ ಅಡಿ ಆಳಕ್ಕೆ ಹೋದ ಮೇಲೆ ಪೈಪು ಸಿಕ್ಕಿತು, ಗೋಡೆಯ ಹತ್ತಿರವೇ ಎರಡು ಪೈಪು ಸೇರುವ ಕೂಡು. ಬೀಡಿನ ಪೈಪಿನ ಕೂಡಿನಲ್ಲಿ ಸಣಬು ತುಂಬಿ, ಅದರ ಮೇಲೆ ಕಾದ ಸೀಸ ಹೊಯ್ದು, ಉಳಿಯಲ್ಲಿ ಬಡಿದು ಬಿಗಿ ಮಾಡಿರುತ್ತೇವೆ. ಬಿಚ್ಚಬೇಕಾದರೆ ಆ ಸೀಸವನ್ನು ಚೂರುಚೂರಾಗಿ ಕೆತ್ತಬೇಕು, ಅವಸರ ಮಾಡಿ ಜೋರಾಗಿ ಬಡಿದರೆ ಬೀಡು ಒಡೆಯುತ್ತದೆ. ಗುಂಡಿಯಲ್ಲಿ ಮೊಣಕಾಲೂರಿ ಕುಳಿತು ಕೆತ್ತಿದೆ. ನನ್ನದೇ ಸೀಸ, ಅಂದು ಬಹಳ ಚೆನ್ನಾಗಿ ಬಡಿದಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೂಡು ಸಡಿಲವಾಯಿತು. ಹೊರಗಿನ ತುಂಡನ್ನು ಎಳೆದು ಬದಿಗಿಟ್ಟು, ದಪ್ಪ ತಂತಿಯ ಕೊಕ್ಕೆಯನ್ನು ಗೋಡೆಯೊಳಗಿನ ಪೈಪಿಗೆ ಕಳಿಸಿ ತಿರುಚಿ ಎಳೆದೆ. ಮೂರನೇ ಸಲಕ್ಕೆ ಬಂತು. ಹಿಂದೆಯೇ ಎರಡು ದಿನದ ನೀರು ನನ್ನ ಎದೆಯ ಮೇಲೆ ಬಂತು.

ಕೈಯಲ್ಲಿದ್ದದ್ದು ಕಪ್ಪಾಗಿ ಉಬ್ಬಿದ ಸಿಪ್ಪೆ, ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಕತ್ತಿಯಲ್ಲಿ ಕೆತ್ತಿದ ಬೆಣೆಯ ಆಕಾರ ಹಾಗೆಯೇ ಇತ್ತು.

ನೀರಿನ ಸದ್ದಿಗೆ ಬಾಯಮ್ಮ ಬಂದರು. ಬಟ್ಟೆ ಒಣಹಾಕುತ್ತಿದ್ದ ಆ ಹೆಂಗಸೂ ಬಂದು ಸ್ವಲ್ಪ ದೂರ ನಿಂತಳು. "ಎಂತ ಅದು?" ಎಂದು ಬಾಯಮ್ಮ ಕೇಳಿದರು.

ಆ ಒಂದು ಕ್ಷಣ ನಾನು, ಇಲಿ ತಂದು ಹಾಕಿರಬೇಕು ಎಂದು ಹೇಳಬಹುದಿತ್ತು. ಬಾಯಿಗೆ ಬಂದೂ ಇತ್ತು. ಆದರೆ ಅವಳು ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ, ಸಿಪ್ಪೆಯನ್ನು. ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವಳಿಗೆ ಕತ್ತಿ ತಾಗಿದ ಸಿಪ್ಪೆಯನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಅವಳಿಗೆ ಗೊತ್ತಾಗಿತ್ತು. ಗೊತ್ತಾಗಿಯೂ ಬಾಯಿ ಬಿಡಲಿಲ್ಲ.

"ನಂದೇ ಬಾಯಮ್ಮ," ಎಂದೆ. "ಪೈಪು ಹಾಕುವಾಗ ನಾನೇ ತುರುಕಿದ್ದು. ತೆಗೀಲಿಕ್ಕೆ ಮರ್ತಿದ್ದೇನೆ. ಇವರ ಸೊಪ್ಪೂ ಅಲ್ಲ, ಎಣ್ಣೆಯೂ ಅಲ್ಲ. ಮೊನ್ನೆ ನಾನು ಹೇಳಿದ್ದು ತಪ್ಪು."

ಬಾಯಮ್ಮ ಗುಂಡಿಯ ಅಂಚಿಗೆ ಬಂದು ಬಗ್ಗಿ ಸಿಪ್ಪೆಯನ್ನು ನೋಡಿದರು. ಆಮೇಲೆ, "ಎರಡು ವರ್ಷ ನಮ್ಮ ಗೋಡೆಯೊಳಗೆ ಇತ್ತಾ ಇದು," ಎಂದರು. ನನಗೆ ಬಯ್ದರೆ ಒಳ್ಳೆಯದಿತ್ತು. "ನಾನು ತಮ್ಮನಿಗೆ ಜೀಪು ತರ್ಲಿಕ್ಕೆ ಹೇಳಿ ಆಯ್ತಲ್ಲ ಮೇಸ್ತ್ರಿ," ಎಂದು ಮಾತ್ರ ಹೇಳಿ ಒಳಗೆ ಹೋದರು.

ನಾನು ಗುಂಡಿಯಲ್ಲಿ ನಿಂತುಕೊಂಡೇ ಆ ಹೆಂಗಸಿಗೆ ಹೇಳಿದೆ, "ಅಕ್ಕ, ನನ್ನಿಂದ ನಿಮಗೆ ಅನ್ಯಾಯ ಆಯ್ತು." ಅವಳು ಕೈ ಚಾಚಿ ಸಿಪ್ಪೆಯನ್ನು ತೆಗೆದುಕೊಂಡಳು. "ಮೊದಲು ಪೈಪು ಕೂಡಿಸು. ಬಾಣಂತಿ ಮೀಯದೆ ಎರಡು ದಿನ ಆಯ್ತು," ಎಂದಳು.

ಕೂಡಿಸುವುದು ಸುಲಭದ ಮಾತಾಗಿರಲಿಲ್ಲ. ಪೈಪಿನ ತುಂಡನ್ನು ಮತ್ತೆ ಸೇರಿಸಿ, ಹೊಸ ಸಣಬು ತುಂಬಿ, ಸೀಸ ಹೊರಗೆ ಹರಿಯದಂತೆ ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿದೆ. ಗೆರಟೆಯ ಕೆಂಡದ ಮೇಲೆ ಸೀಸ ಕರಗುತ್ತಿರುವಾಗಲೇ ಹನಿ ಮಳೆ ಶುರುವಾಯಿತು. ಕಾದ ಸೀಸಕ್ಕೆ ಒಂದು ತೊಟ್ಟು ನೀರು ತಾಗಿದರೂ ಅದು ಸಿಡಿದು ಮುಖಕ್ಕೆ ಹಾರುತ್ತದೆ. ಕಣ್ಣು ಕಳೆದುಕೊಂಡವರನ್ನು ನಾನು ಬಲ್ಲೆ. ಹೆಗಲ ಮೇಲಿನ ಬೈರಾಸಿನಲ್ಲಿ ಕೂಡನ್ನು ಒರೆಸುತ್ತೇನೆ, ಮತ್ತೆ ಹನಿ ಬೀಳುತ್ತದೆ. ಏನು ಮಾಡುವುದೆಂದು ತಲೆ ಎತ್ತಿದರೆ ಬಾಯಮ್ಮ ದೊಡ್ಡ ಕರಿ ಕೊಡೆ ಹಿಡಿದುಕೊಂಡು ಬರುತ್ತಿದ್ದರು, ಮಗ ಕಳಿಸಿದ್ದು, ಇಗರ್ಜಿಗೆ ಮಾತ್ರ ತೆಗೆಯುವುದು. ಅದನ್ನು ಬಿಡಿಸಿ ಆ ಹೆಂಗಸಿನ ಕೈಗೆ ಕೊಟ್ಟರು.

"ನೀನು ಹಿ‍ಡಿ. ನಿನ್ನ ಕೈ ಗಟ್ಟಿ ಉಂಟು," ಎಂದರು. ಮತ್ತೆ ಅವಳ ಮುಖ ನೋಡದೆ, "ನಾಳೆ ಜೀಪು ಬಂದರೆ ನಾವು ಅದರಲ್ಲೇ ಇಗರ್ಜಿಗೆ ಹೋಗಿ ಬರುವ ಅಂತ. ನಾವು ಬರುವಾಗ ನೀನು ಹಂಡೆಗೆ ಬೆಂಕಿ ಹಾಕಿ ಇಡು," ಎಂದರು.

ಅವಳು ಕೊಡೆಯನ್ನು ನನ್ನ ತಲೆಯ ಮೇಲೆ ಸರಿ ಮಾಡುತ್ತಾ ಹೇಳಿದಳು, "ನನಗೆ ಹೋಗ್ಲಿಕ್ಕೆ ಮನೆ ಉಂಟು ಬಾಯಮ್ಮ. ಆದ್ರೆ ಆ ಮಗು ನನ್ನ ಕಾಲ ಮೇಲೆಯೇ ನಿದ್ದೆ ಮಾಡುವುದು. ಅದಕ್ಕೆ ಇರ್ತೇನೆ."

ಸೀಸ ಹೊಯ್ದೆ. ಸಿಡಿಯಲಿಲ್ಲ. ತಣಿದ ಮೇಲೆ ಉಳಿಯಲ್ಲಿ ಸುತ್ತ ಬಡಿದು, ಒಳಗೆ ಹೋಗಿ ಟಬ್ಬನ್ನು ಅಂಚಿನವರೆಗೆ ತುಂಬಿಸಿ ಬೂಚು ಎಳೆದೆ. ತೂತಿನ ಮೇಲೆ ನೀರು ಸುಳಿ ಕಟ್ಟಿ ತಿರುಗುತ್ತಾ ಇಳಿಯಿತು. ಬಾಣಂತಿ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದು ನೋಡಿದಳು. ಕೊನೆಯ ನೀರು ಸೊರ್ ಎಂದು ಹೋಗುವಾಗ ಮಗು ಬೆಚ್ಚಿ ಕೈ ಅಗಲಿಸಿತು, ಆ ಹೆಂಗಸು ಬಂದು ಅದರ ಎದೆಯ ಮೇಲೆ ಅಂಗೈ ಇಟ್ಟಳು.

ಸಂಜೆ ಬಸ್ಸಿನಲ್ಲಿ ನಾನು ಮುಂದೆ ಕೂರದೆ ಹಿಂದಿನ ಸೀಟಿನ ಹತ್ತಿರ ನಿಂತೆ. ಖಾಲಿ ಬುಟ್ಟಿಯ ಇಬ್ಬರು ಹೆಂಗಸರೂ ಅಲ್ಲಿದ್ದರು. ಕಂಡಕ್ಟರು ಕೇಳಿಯೇ ಕೇಳುತ್ತಾನೆ ಎಂದು ಗೊತ್ತಿತ್ತು, ಕೇಳಿದ. ನಾನು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದೆ, "ನನ್ನದೇ ತೆಂಗಿನ ಸಿಪ್ಪೆ ಮಾರಾಯ. ಎರಡು ವರ್ಷ ಪೈಪಿನಲ್ಲಿ ಮರ್ತು ಬಿಟ್ಟದ್ದು. ಆ ಮೀಯಿಸುವ ಅಕ್ಕನದ್ದು ಏನೂ ತಪ್ಪಿಲ್ಲ. ಮಗು ಒಳ್ಳೆ ಉಂಟು, ಬಾಣಂತಿಯೂ ಒಳ್ಳೆ ಉಂಟು. ಅವರು ನಲವತ್ತು ತುಂಬಿಸಿಯೇ ಹೆಜಮಾಡಿಗೆ ಬರುವುದು."

ಮೊದಲು ಕಂಡಕ್ಟರು ನಕ್ಕ, ಆಮೇಲೆ ಎಲ್ಲರೂ ನಕ್ಕರು. ಆ ಇಬ್ಬರು ಹೆಂಗಸರಲ್ಲಿ ಒಬ್ಬಳು ನಗದೆ, "ಅವಳು ನಮ್ಮ ಮಕ್ಕಳನ್ನೆಲ್ಲ ಮೀಯಿಸಿದವಳು. ನಮಗೆ ಮೊನ್ನೆಯೇ ಸಂಶಯ ಇತ್ತು," ಎಂದಳು. ಇತ್ತೋ ಇಲ್ಲವೋ, ಅವಳು ಹಾಗೆ ಹೇಳಿದ್ದು ನನಗೆ ಸಾಕಾಯಿತು. ನಗು ನನ್ನ ಮನೆಯವರೆಗೂ ಹಿಂಬಾಲಿಸಿ ಬಂತು. ಕೆಲವು ತಿಂಗಳು ನನಗೆ ಸಿಪ್ಪೆ ಮೇಸ್ತ್ರಿ ಎಂದೇ ಹೆಸರು. ಪಕ್ಕದ ಆ ಹೊಸ ಮನೆಯ ಕೆಲಸ ಕಾರ್ಕಳದ ಇನ್ನೊಬ್ಬ ಮೇಸ್ತ್ರಿಗೆ ಹೋಯಿತು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಕೂಡು ಸೋರುತ್ತದೆಯೋ ಎಂದು ನೋಡಲು ಗುಂಡಿಯನ್ನು ಮುಚ್ಚದೆ ಬಿಟ್ಟಿದ್ದೆ. ನಾಲ್ಕು ದಿನ ಬಿಟ್ಟು ಹೋದೆ. ಸುತ್ತಲಿನ ಮಣ್ಣು ಒಣಗಿತ್ತು. ಮಲ್ಲಿಗೆ ಗಿಡದಲ್ಲಿ ಮೊಗ್ಗು ಇತ್ತು. ಮಣ್ಣು ಮುಚ್ಚಿ ಮೆಟ್ಟಿ, ಕೈಕಾಲು ತೊಳೆದು ಹೊರಡುವಾಗ ಆ ಹೆಂಗಸು ಹಿಂದಿನ ಜಗಲಿಯಲ್ಲಿ ಕಾಲು ನೀಡಿ ಕುಳಿತಿದ್ದಳು. ಮೊಣಕಾಲ ಮೇಲೆ ಮಗು ನಿದ್ದೆ ಮಾಡುತ್ತಿತ್ತು. "ಬಾ ಮಗ ಇಲ್ಲಿ," ಎಂದು ಕರೆದಳು.

ಸೊಂಟದಿಂದ ತೆಗೆದು ಏನನ್ನೋ ನನ್ನ ಕೈಗೆ ಕೊಟ್ಟಳು. ಒಂದೂವರೆ ಮೊಳದ ಹುರಿ. ಎರಡು ಎಳೆ ಸೇರಿಸಿ ತೊಡೆಯ ಮೇಲೆ ಹೊಸೆದದ್ದು, ಬಿಗಿಯಾಗಿ, ಎಲ್ಲೂ ಗಂಟಿಲ್ಲದೆ.

"ನಮ್ಮಲ್ಲಿ ಸಿಪ್ಪೆಯನ್ನು ಹೊಳೆಯ ಕೆಸರಲ್ಲಿ ತಿಂಗಳುಗಟ್ಟಲೆ ಹುಗಿದಿಡ್ತಾರೆ, ನಾರು ಬಿಡಿಸ್ಲಿಕ್ಕೆ," ಎಂದಳು. "ನಿಂದು ಎರಡು ವರ್ಷ ನೀರಲ್ಲಿ ಕೂತದ್ದು. ಬೂದಿಯಲ್ಲಿ ತೊಳೆದು ನಾಲ್ಕು ಪೆಟ್ಟು ಕೊಟ್ಟೆ, ನಾರು ಹತ್ತಿಯ ಹಾಗೆ ಬಿಟ್ಟುಕೊಂಡಿತು. ಇಟ್ಟುಕೋ. ಇನ್ನೊಮ್ಮೆ ಸಿಪ್ಪೆ ತುರುಕುವಾಗ ಇದನ್ನು ಕಟ್ಟು."

ಹುರಿ ಕಟ್ಟದೆ ತುರುಕಿದ್ದೆನೆಂದು ನಾನು ಅವಳಿಗೆ ಹೇಳಿರಲಿಲ್ಲ. ಸಿಪ್ಪೆಯಲ್ಲಿ ಹುರಿಯ ಗುರುತಿಲ್ಲದ್ದನ್ನು ನೋಡಿಯೇ ತಿಳಿದುಕೊಂಡಿದ್ದಳು. ಮಗು ಎಚ್ಚರವಾಗದ ಹಾಗೆ ಹುರಿಯನ್ನು ಮೆಲ್ಲಗೆ ಸುತ್ತಿ ಚೀಲಕ್ಕೆ ಹಾಕಿಕೊಂಡೆ. ಆಮೇಲೆ ಪೈಪಿನ ಬಾಯಿಗೆ ಏನು ತುರುಕುವಾಗಲೂ ಅದನ್ನೇ ಕಟ್ಟುತ್ತಿದ್ದೆ, ಕೆಲಸ ಮುಗಿದ ಮೇಲೆ ಬಿಚ್ಚಿ ತರುತ್ತಿದ್ದೆ. ಒಂದು ಕಡೆಯೂ ಬಿಟ್ಟು ಬಂದಿಲ್ಲ.